ಬನ್ನಕ್ಕನ ಹೆಗಲು

ನಮ್ಮ ಚರ್ಚಿನ ಭಾನುವಾರದ ಆರಾಧನೆಯನ್ನು ಟೀವಿಯಲ್ಲಿ ನೇರವಾಗಿ ತೋರಿಸುತ್ತಾರೆ ಎಂಬ ಸುದ್ದಿ ಬಂದದ್ದೇ ತಡ, ನಮ್ಮ ಮನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಅದರಲ್ಲೂ ನನ್ನ ಸೊಸೆಯದು. ಅವಳು ಕಾಲೇಜಿನಲ್ಲಿ ಸಂಗೀತ ಕಲಿಸುತ್ತಾಳೆ, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾಳೆ, ನಮ್ಮ ಕ್ವಾಯರನ್ನು, ಅಂದರೆ ಹಾಡುವವರ ತಂಡವನ್ನು, ನಡೆಸುತ್ತಾಳೆ. ಊಟಕ್ಕೆ ಕೂತರೆ ಮೇಜಿನ ಅಂಚೇ ಆರ್ಗನ್ ಆಗಿಬಿಡುತ್ತಿತ್ತು. ಎಡಗೈ ಅಲ್ಲಿ ನುಡಿಸುತ್ತಿದ್ದರೆ ಬಲಗೈ ತುತ್ತನ್ನು ಬಾಯಿಗೊಯ್ಯುವ ಬದಲು ಗಲ್ಲಕ್ಕೊಯ್ಯುತ್ತಿತ್ತು.

“ಅತ್ತೆ, ಹಾಡು ಮುಗಿಯೋವರೆಗೂ ಕೆಮ್ಮಬಾರದು, ಈಗಲೇ ಹೇಳಿರ್ತೀನಿ.”

“ನಾನೇನು ಬೇಕೂಂತ ಕೆಮ್ತೀನೇನಮ್ಮಾ?”

“ಬೇಡ ಅಂದ್ಕೊಂಡೂ ಕೆಮ್ಮಬಾರದು!”

ಈ ವಯಸ್ಸಿನಲ್ಲೂ ನಾನು ಕ್ವಾಯರಿನ ಎರಡನೆಯ ಸಾಲಿನಲ್ಲಿ ನಿಲ್ಲುತ್ತೇನೆ. ಮಂಡಿ ಮುಷ್ಕರ ಹೂಡುವ ದಿನ ಮಾತ್ರ ಕುರ್ಚಿ. ಹಾಡುವುದೆಂದರೆ ನನಗೆ ಇಂದಿಗೂ ಪರೀಕ್ಷೆ ಮುಗಿಸಿ ಕಾಲೇಜಿನ ಮೆಟ್ಟಿಲಿಳಿದು ಓಡುವಂಥ ಖುಷಿ. ಆದ್ದರಿಂದ ಸೊಸೆಯನ್ನು ಆಡಿಕೊಳ್ಳುತ್ತಿದ್ದೆನೇ ಹೊರತು, ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ನಾನೂ ಅದನ್ನೇ ಗುನುಗುತ್ತಿದ್ದೆ.

ಹೊರಗಿನವರಿಗೆ ನಮ್ಮ ಚರ್ಚಿನ ಒಂದು ವಿಚಿತ್ರವನ್ನು ಹೇಳಲೇಬೇಕು. ಕಟ್ಟಿದವರು ಅದೇನು ಯೋಚಿಸಿದ್ದರೋ, ಆರ್ಗನ್ನನ್ನು ಗೋಡೆಗೆ ಮುಖಮಾಡಿ ಕೂರಿಸಿಬಿಟ್ಟಿದ್ದಾರೆ. ನುಡಿಸುವವರ ಬೆನ್ನು ನಮ್ಮ ಕಡೆಗೆ. ಎದುರು ನಿಂತು ಕೈಬೀಸಿ ನಡೆಸುವವರು ಬೇರೆ ಯಾರೂ ಇಲ್ಲ. ಸೊಸೆ ತಲೆಯನ್ನು ಒಮ್ಮೆ ಮೇಲಕ್ಕೆತ್ತುತ್ತಾಳೆ, ನಾವು ಹಾಡನ್ನು ಎತ್ತಿಕೊಳ್ಳುತ್ತೇವೆ. ಅವಳೂ ಹಾಗೆಂದೇ ತಿಳಿದಿದ್ದಳು, ನಾವೂ ಹಾಗೆಂದೇ ತಿಳಿದಿದ್ದೆವು.

ಆ ಭಾನುವಾರಕ್ಕೆ ಆರಿಸಿದ ಹಾಡಿನ ನಡುವೆ ಒಂದು ಗಂಡಾಂತರದ ಜಾಗವಿತ್ತು. ಅಲ್ಲಿ ಆರ್ಗನ್ ಪೂರ್ತಿ ನಿಂತುಹೋಗುತ್ತದೆ. ಒಂದು ಗಳಿಗೆ ಸದ್ದೇ ಇರುವುದಿಲ್ಲ. ಆಮೇಲೆ ಎಲ್ಲ ಗಂಟಲುಗಳೂ ಒಟ್ಟಿಗೆ, ವಾದ್ಯದ ಊರುಗೋಲಿಲ್ಲದೆ, ಮುಂದಿನ ಚರಣವನ್ನು ಎತ್ತಿಕೊಳ್ಳಬೇಕು. ಒಬ್ಬರು ಒಂದು ಕೂದಲೆಳೆ ಮುಂದೆ ಹೋದರೂ ಮಾನ ಹೋಯಿತು. ಆದರೆ ನಾವು ಒಮ್ಮೆಯೂ ತಪ್ಪಿರಲಿಲ್ಲ. ಅಭ್ಯಾಸದಲ್ಲಿ ಪ್ರತಿಸಲವೂ ಆ ಜಾಗ ದಾಟಿದಾಗ ಸೊಸೆಯ ಬೆನ್ನೇ ನಗುವುದು ನಮಗೆ ಕಾಣುತ್ತಿತ್ತು.

ಮೊದಲ ಸಾಲಿನ ನಟ್ಟನಡುವೆ ನಿಲ್ಲುತ್ತಿದ್ದವಳು ಬನ್ನಕ್ಕ. ಬೇಕರಿಯಲ್ಲಿ ಕೆಲಸ ಮಾಡುವವಳಾದ್ದರಿಂದ ಆ ಹೆಸರು. ಅಭ್ಯಾಸಕ್ಕೆ ಬರುವಾಗ ಯಾವಾಗಲೂ ಒಂದು ಬಿಸಿ ಪೊಟ್ಟಣ ಅವಳ ಕಂಕುಳಲ್ಲಿರುತ್ತಿತ್ತು. ಎಲ್ಲರಿಗೂ ಒಂದೊಂದು ಬನ್ ಹಂಚಿ, ಮೇಲಿನ ಗಟ್ಟಿ ಪದರ ತೆಗೆದು ಒಳಗಿನ ಮೆತ್ತನೆಯದನ್ನು ಅಂಚೆ ತಾತನ ಕೈಗಿಡುತ್ತಿದ್ದಳು. ಅಂಚೆ ಕಚೇರಿಯಿಂದ ನಿವೃತ್ತರಾದ ಈ ತಾತನಿಗೆ ಹಲ್ಲಿಲ್ಲ; ಅದನ್ನು ಯಾರಾದರೂ ಎತ್ತಿ ಆಡಿದರೆ ಅವರಿಗೆ ಸಿಟ್ಟು. ಬನ್ನಕ್ಕ ಎತ್ತಿ ಆಡುತ್ತಿರಲಿಲ್ಲ. “ತಾತ, ಮೇಲಿನ ಚೂರು ನನಗಿಷ್ಟ, ನೀವು ಒಳಗಿಂದು ತಿಂದು ಉಪಕಾರ ಮಾಡಿ,” ಅನ್ನುತ್ತಿದ್ದಳು. ಹಿಂದೊಮ್ಮೆ ಬೇಕರಿಯ ಹಿಂಬದಿಯಲ್ಲಿ ಅವಳು ಊಟಮಾಡುತ್ತಿರುವುದನ್ನು ನೋಡಿದ್ದೆ. ಗಟ್ಟಿ ಪದರವನ್ನು ಬಿಡಿಸಿ ಗುಬ್ಬಿಗಳಿಗೆ ಹಾಕುತ್ತಿದ್ದಳು.

ಅವಳ ಧ್ವನಿ ಹೇಳಿಕೊಳ್ಳುವಂಥದ್ದೇನಲ್ಲ. ರೂಪದ ಮಾತಂತೂ ಬೇಡ. ಹರೆಯದಲ್ಲಿ ಬೇಕರಿಯ ಒಲೆಯ ಬಾಗಿಲು ತೆರೆದಾಗ ಬೆಂಕಿ ನುಗ್ಗಿ ಸುಟ್ಟದ್ದರಿಂದ ಎಡಗೆನ್ನೆಯಿಂದ ಕಿವಿಯವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತದೆ, ಆ ಕಡೆಯ ಹುಬ್ಬೇ ಇಲ್ಲ. ತಟ್ಟೆ ಹೊತ್ತು ಹೊತ್ತು ಬಲಹೆಗಲು ಮೇಲಕ್ಕೆ ನಿಂತುಬಿಟ್ಟಿದೆ. ಮೊದಲ ಸಲ ನೋಡಿದವರು ಕಣ್ಣು ತಿರುಗಿಸುವುದನ್ನು ಅವಳು ಎಷ್ಟು ಸಲ ನೋಡಿದ್ದಾಳೋ. ಅವರು ತಿರುಗಿಸುವ ಮೊದಲೇ ನಗಿಸಿಬಿಡುವುದನ್ನು ಕಲಿತಿದ್ದಳು.

“ಒಲೆನೇ ಮುತ್ತು ಕೊಟ್ಟುಬಿಟ್ಟಿದೆ ದೊಡ್ಡಮ್ಮ, ಇನ್ನು ಗಂಡ ಅಂತ ಬೇರೆ ಯಾಕೆ?” ಎಂದು ನನ್ನ ಹತ್ತಿರ ಹೇಳಿ ತಾನೇ ನಕ್ಕವಳು ಅವಳು.

ಅವಳ ಮನೆಯಲ್ಲಿ ಇರುವುದು ತಾಯಿಯೊಬ್ಬಳೇ. ಬೇಕರಿಯ ಮೇಲಿನ ಕೋಣೆ, ಕಡಿದಾದ ಮೆಟ್ಟಿಲು. ಆಕೆಗೆ ಕಾಲು ಬಿದ್ದುಹೋದ ಮೇಲೆ ಕೆಳಗಿಳಿದದ್ದೇ ಇಲ್ಲ. ಮಗಳು ಕ್ವಾಯರಿಗೆ ಸೇರಿದ್ದು ಅದಾದ ಮೇಲೆ. ಹಾಗಾಗಿ ಮಗಳು ಚರ್ಚಿನಲ್ಲಿ ನಿಂತು ಹಾಡುವುದನ್ನು ತಾಯಿ ಒಮ್ಮೆಯೂ ಕಂಡಿಲ್ಲ.

“ಈ ಭಾನುವಾರ ಕಾಣ್ತಾಳೆ ದೊಡ್ಡಮ್ಮ!” ಶನಿವಾರ ಅಭ್ಯಾಸಕ್ಕೆ ಬಂದವಳು ಪೊಟ್ಟಣ ಬಿಚ್ಚುವ ಮೊದಲೇ ನನ್ನ ಕಿವಿಯಲ್ಲಿ ಉಸುರಿದಳು. ಗುಟ್ಟು ಹೇಳುವಾಗಲೂ ಅವಳ ಧ್ವನಿ ಬೀದಿಯ ತುದಿಗೆ ಕೇಳುತ್ತದೆ. “ಬೇಕರಿ ಯಜಮಾನರು ಅಂಗಡಿ ಟೀವಿನ ಹೊತ್ಕೊಂಡು ಮೇಲೆ ಇಟ್ಟುಕೊಟ್ಟಿದ್ದಾರೆ. ಅಮ್ಮ ಈಗ್ಲಿಂದಲೇ ಹೊಸ ಸೀರೆ ಉಟ್ಟು ಸೆರಗು ಹೊದ್ದುಕೊಂಡು ಕೂತಿದ್ದಾಳೆ. ‘ಟೀವಿಯವರಿಗೆ ನೀನು ಕಾಣಲ್ಲಮ್ಮ’ ಅಂದ್ರೆ, ‘ಇರ್ಲಿ ಬಿಡೇ, ಹೇಗೆ ಹೇಳೋದು’ ಅಂತಾಳೆ. ನಾನು ಎಲ್ಲಿರ್ತೀನಿ ಅಂತ ಕೇಳಿದ್ಳು. ಮೊದಲ್ನೇ ಸಾಲು, ನಟ್ಟನಡುವೆ, ಹುಡುಕೋದೇ ಬೇಡ ಅಂದಿದ್ದೀನಿ. ಯಾರಿಗೂ ಹೇಳ್ಬೇಡಿ, ನಗ್ತಾರೆ.”

“ಯಾಕೆ ನಗ್ತಾರೆ?”

“ಈ ಮುಖಕ್ಕೆ ಟೀವಿ ಹುಚ್ಚು ಬೇರೆ ಅಂತ,” ಎಂದು ಕಣ್ಣು ಮಿಟುಕಿಸಿ ಬನ್ ಹಂಚಲು ಹೋದಳು.

ಅಂದೇ ಹೊಸ ನಿಲುವಂಗಿಗಳೂ ಬಂದವು. ಕೆನೆ ಬಣ್ಣ, ಕೊರಳಿಗೆ ನೀಲಿ ಪಟ್ಟಿ. ಹಾಕಿಕೊಂಡು ಸಾಲಾಗಿ ನಿಂತಾಗ ನಮಗೇ ನಮ್ಮ ಗುರುತು ಸಿಗಲಿಲ್ಲ. ಔಷಧಿ ಅಂಗಡಿಯವರ ಮಗಳಂತೂ, ಅವಳು ಮೊದಲೇ ಚೆಂದುಳ್ಳಿ, ಮೇಣದಬತ್ತಿಯ ಹಾಗೆ ಕಂಗೊಳಿಸುತ್ತಿದ್ದಳು. ಎಲ್ಲರ ಅಂಚೂ ನೆಲದಿಂದ ಒಂದೇ ಎತ್ತರಕ್ಕಿರಲಿ ಎಂದು ಸೊಸೆ ಅಳತೆ ಪಟ್ಟಿ ಹಿಡಿದು ಬಗ್ಗಿ ಬಗ್ಗಿ ನೋಡಿದಳು. ಬನ್ನಕ್ಕನ ಮುಂದೆ ಬಂದು ನಿಂತುಬಿಟ್ಟಳು. ಹೆಗಲು ಏರಿದ ಕಡೆ ನಿಲುವಂಗಿಯ ಅಂಚೂ ಏರಿ, ಅರ್ಧ ಸರಿಸಿದ ಪರದೆಯ ಹಾಗೆ ಕಾಣುತ್ತಿತ್ತು. ಎಳೆದಳು, ಪಿನ್ನು ಚುಚ್ಚಿದಳು, ಮಡಿಕೆ ಬಿಚ್ಚಿದಳು. ಕೈ ಬಿಟ್ಟರೆ ಮತ್ತೆ ಮೇಲೆ.

“ಬಿಡಿ ಟೀಚರಮ್ಮ, ಇದು ನನ್ನ ಮಾತೇ ಕೇಳಲ್ಲ, ನಿಮ್ಮ ಮಾತು ಕೇಳುತ್ತಾ?” ಅಂದಳು ಬನ್ನಕ್ಕ.

ಅಷ್ಟರಲ್ಲಿ ಪಾದ್ರಿಗಳು ಬಂದರು. ಎಲ್ಲರೂ ಬಾಯಿಯ ಮೇಲೆ ಕೈ ಇಟ್ಟುಕೊಂಡೆವು. ನಮ್ಮ ಪಾದ್ರಿಗಳ ಮೀಸೆ ಹತ್ತಿಯ ಹಾಗೆ ಬೆಳ್ಳಗಿತ್ತು. ಈಗ ನೋಡಿದರೆ ಕಾಡಿಗೆ! ಮೀಸೆಯ ಜೊತೆಗೆ ಮೇಲ್ತುಟಿಗೂ ಒಂದಿಷ್ಟು ಹತ್ತಿಕೊಂಡಿತ್ತು.

“ಹೆಂಡತಿ ಹಚ್ಚಿಬಿಟ್ಟಳು,” ಎಂದರು ಪಾದ್ರಿಗಳು, ಯಾರೂ ಕೇಳದಿದ್ದರೂ.

“ಪಾಸ್ಟ್ರೇ, ನಾಳೆಯ ಪ್ರಸಂಗ ಯಾವುದರ ಮೇಲೆ?” ಅಂಚೆ ತಾತ ಮುಗ್ಧರಂತೆ ಕೇಳಿದರು.

ಪಾದ್ರಿಗಳು ಕೆಮ್ಮಿದರು. “ಅದು… ಎತ್ತರದ ಅಣ್ಣಂದಿರನ್ನೆಲ್ಲ ಬಿಟ್ಟು ಕುರಿ ಕಾಯೋ ಕಿರಿಯವನನ್ನ ದೇವರು ರಾಜನಾಗಿ ಆರಿಸಿದ್ದು. ದೇವರು ಮುಖ ನೋಡಲ್ಲ, ಮನಸ್ಸು ನೋಡ್ತಾನೆ ಅನ್ನೋದರ ಮೇಲೆ.”

“ಒಳ್ಳೇದು, ಒಳ್ಳೇದು,” ಅಂದರು ತಾತ, ಮೀಸೆಯನ್ನೇ ನೋಡುತ್ತ.

ಭಾನುವಾರ ನಾವು ಹೋಗುವಷ್ಟರಲ್ಲಿ ಚರ್ಚು ಚರ್ಚಾಗಿ ಉಳಿದಿರಲಿಲ್ಲ. ನೆಲದ ತುಂಬ ಹಾವಿನಂತೆ ವೈರುಗಳು. ಕಂಬಕ್ಕೊಂದು ದೀಪ. ನಮ್ಮ ಎದುರಿಗೇ ಮೂರು ಕಾಲಿನ ಮೇಲೆ ನಿಂತ ದೊಡ್ಡ ಕ್ಯಾಮೆರಾ, ಅದರ ಪಕ್ಕ ಚಿಕ್ಕದೊಂದು ಪರದೆ. ಅದರಲ್ಲಿ ನಮ್ಮನ್ನು ನಾವೇ ನೋಡಿಕೊಳ್ಳಬಹುದು! ನನ್ನ ಎದೆ ಹುಡುಗಿಯರ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಟೀವಿಯ ಯುವಕ ಅತ್ತಿಂದಿತ್ತ ಓಡುತ್ತಿದ್ದ. ನಾನು ವೈರು ದಾಟಲು ತಡವರಿಸಿದಾಗ ಓಟ ನಿಲ್ಲಿಸಿ ಕೈಹಿಡಿದು ದಾಟಿಸಿ ಮತ್ತೆ ಓಡಿದ. ಒಳ್ಳೆಯ ಹುಡುಗ. ಅವನನ್ನು ಕೆಟ್ಟವನೆಂದು ಯಾರೂ ತಿಳಿಯಬಾರದೆಂದೇ ಇದನ್ನು ಬರೆದೆ.

ಅವನು ಚಿಕ್ಕ ಪರದೆಯನ್ನು ನೋಡಿದ, ನಮ್ಮನ್ನು ನೋಡಿದ, ಸೊಸೆಯನ್ನು ಪಕ್ಕಕ್ಕೆ ಕರೆದ. ಪಿಸುಮಾತೇ. ಆದರೆ ಎರಡನೆಯ ಸಾಲಿನ ಈ ತುದಿಗೆ ಕೇಳಿಸಿತು.

“ಮೇಡಂ, ಹಾಡಿನ ಮಧ್ಯೆ ಕ್ಯಾಮೆರಾ ಹತ್ತಿರ ಹೋಗುತ್ತೆ. ಮೊದಲ ಸಾಲಿನ ನಡುವೆ ಇರೋರ ಮೇಲೇ ನಿಲ್ಲುತ್ತೆ. ಅಲ್ಲಿರೋರು… ಸ್ವಲ್ಪ ನೀವೇ ನೋಡಿ.”

ಅವನು ವಾಕ್ಯ ಮುಗಿಸಲಿಲ್ಲ. ಮುಗಿಸುವ ಅಗತ್ಯವಿರಲಿಲ್ಲ. ಸೊಸೆಯ ಕಿವಿ ಕೆಂಪಾಯಿತು. ಅವಳು ನಿಲುವಂಗಿಯ ಅಂಚಿನ ಕಡೆ ನೋಡಿದಳು. ಮುಖದ ಕಡೆ ನೋಡಲು ಅವಳಿಂದ ಆಗಲಿಲ್ಲ.

“ಅಕ್ಕಾ, ನಿಮ್ಮ ಬಟ್ಟೆ ಒಂದು ಕಡೆ ಎದ್ದು ಕಾಣ್ತಿದೆಯಲ್ಲ… ಸಾಲು ಕೆಡುತ್ತಂತೆ. ಇವತ್ತು ಒಂದು ದಿನ ಆ ಕಂಬದ ಪಕ್ಕ…”

ಆ ಕಂಬ ಎಂಥದ್ದೆಂದು ಎಲ್ಲರಿಗೂ ಗೊತ್ತು. ಅದರ ಹಿಂದೆ ಆನೆ ನಿಂತರೂ ಕಾಣುವುದಿಲ್ಲ.

ಬನ್ನಕ್ಕನ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಎಷ್ಟು ಬೇಗ ಎಂದರೆ, ನೋಡುತ್ತಲೇ ಇದ್ದವರಿಗೆ ಮಾತ್ರ ಸಿಕ್ಕುವಷ್ಟು. “ಅಯ್ಯೋ, ಅದಕ್ಕೇನಮ್ಮ! ಆ ಕಂಬ ಪಾಪ ಎಷ್ಟು ವರ್ಷದಿಂದ ಒಂಟಿ,” ಅಂದವಳೇ ಹೊರಟಳು. ನಾನು ಬಾಯಿ ತೆರೆದೆ. ಹಾದುಹೋಗುವಾಗ ಅವಳು ನನ್ನ ಕೈ ಹಿಡಿದು ಗಟ್ಟಿಯಾಗಿ ಅದುಮಿದಳು. ಸುಮ್ಮನಿರಿ ಎಂದು ಅರ್ಥ. ಅವಳ ಅಂಗೈ ತಣ್ಣಗಿತ್ತು. ಯಾವಾಗಲೂ ಬಿಸಿಯಾಗಿರುವ ಕೈ ಅದು.

ಅವಳ ಜಾಗಕ್ಕೆ ಔಷಧಿ ಅಂಗಡಿಯ ಹುಡುಗಿಯನ್ನು ನಿಲ್ಲಿಸಿದರು. ಹುಡುಗಿ ಕಂಬದ ಕಡೆಗೇ ನೋಡುತ್ತಿದ್ದಳು. ನಾನು ನಿಂತ ಕಡೆಯಿಂದ ಕಂಬದ ಹಿಂದೆ ಸ್ವಲ್ಪ ಕಾಣುತ್ತಿತ್ತು. ಯಾರ ಕಣ್ಣಿಗೂ ಬೀಳದ ಆ ಜಾಗದಲ್ಲಿ ಬನ್ನಕ್ಕ ತನ್ನ ನಿಲುವಂಗಿಯ ಅಂಚನ್ನು ಕೆಳಕ್ಕೆ ಎಳೆದು ಸರಿಮಾಡಿಕೊಳ್ಳುತ್ತಿದ್ದಳು.

“ಒಂದ್ಸಲ ಪೂರ್ತಿ ಹಾಡಿಬಿಡೋಣ!” ಸೊಸೆ ಆರ್ಗನ್ನಿಗೆ ಕೂತಳು.

ಮೊದಲ ಚರಣಕ್ಕೆ ವಾದ್ಯದ ಆಸರೆಯಿತ್ತು, ಹೇಗೋ ದಾಟಿದೆವು. ಆ ಜಾಗ ಬಂತು. ಆರ್ಗನ್ ನಿಂತಿತು. ಸೊಸೆ ತಲೆ ಎತ್ತಿದಳು. ಹಿಂದಿನ ಸಾಲಿನ ಒಬ್ಬರು ಶುರುಮಾಡಿದರು, ನಾನು ಮಾಡಲಿಲ್ಲ. ನಾನು ಮಾಡಿದಾಗ ಪಕ್ಕದವಳು ಮಾಡಲಿಲ್ಲ. ಎಲ್ಲಕ್ಕಿಂತ ಕೊನೆಯಲ್ಲಿ ತಾತ ಒಬ್ಬರೇ ಬಾಗಿಲು ಕಿರುಗುಟ್ಟಿದಂತೆ ಬಂದರು.

“ಮತ್ತೊಮ್ಮೆ!”

ಮತ್ತೊಮ್ಮೆ ಮಾಡಿದರೆ ಇನ್ನೂ ಹಾಳು. ಸಂತೆಯಲ್ಲಿ ಒಬ್ಬೊಬ್ಬರು ಒಂದೊಂದು ಸಾಮಾನು ಕೂಗಿದ ಹಾಗೆ. ಟೀವಿಯವರ ಪೈಕಿ ಯಾರೋ ಕಿಸಕ್ಕೆಂದರು. ಜನ ಬಂದು ಬೆಂಚುಗಳಲ್ಲಿ ಕೂರತೊಡಗಿದ್ದರು, ಪಾದ್ರಿಗಳೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಏನಾಗಿದೆ ನಿಮಗೆಲ್ಲ?” ಸೊಸೆ ತಿರುಗಿ ಕೂತು ಕೇಳಿದಳು. ಅವಳ ಕಣ್ಣಲ್ಲಿ ನೀರು. “ನಿನ್ನೆ ಇಷ್ಟು ಚೆನ್ನಾಗಿ ಹಾಡಿದ್ರಲ್ಲ! ಕ್ಯಾಮೆರಾ ನೋಡಿ ಭಯಾನಾ? ನನ್ನ ತಲೆ ನೋಡ್ರಪ್ಪಾ, ನನ್ನ ತಲೆ!”

“ನೋಡೇ ನೋಡ್ತಿದ್ದೀವಿ,” ಅಂದರು ತಾತ. “ಅದರಲ್ಲಿ ಒಂದು ಜಡೆ ಬಿಟ್ರೆ ಇನ್ನೇನೂ ಕಾಣ್ತಿಲ್ಲ ಮಗಾ.”

ಆಗ ಔಷಧಿ ಅಂಗಡಿಯ ಹುಡುಗಿ ಅಳುವ ಧ್ವನಿಯಲ್ಲಿ ಹೇಳಿದಳು: “ನೀವೆಲ್ಲ ನನ್ನ ಯಾಕೆ ಹೀಗೆ ನೋಡ್ತಿದ್ದೀರಿ? ಆ ಜಾಗ ಬಂದ ಕೂಡಲೇ ಎಲ್ಲರೂ ನನ್ನ ಹೆಗಲನ್ನೇ ದಿಟ್ಟಿಸ್ತೀರಿ, ಆ ಪರದೆಯಲ್ಲಿ ಕಾಣುತ್ತೆ. ನನಗೇನು ಗೊತ್ತು ಯಾವಾಗ ಶುರು ಮಾಡ್ಬೇಕು ಅಂತ? ನಾನೇ ಯಾವಾಗಲೂ ಬನ್ನಕ್ಕನ್ನ ನೋಡಿ ಶುರು ಮಾಡೋಳು!”

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಒಮ್ಮೆಲೇ ಎಲ್ಲರೂ.

“ಹೌದಲ್ಲ, ನಾನೂ!”

“ಅಯ್ಯೋ ನಾನೂ ಅಷ್ಟೇ. ಹೆಗಲು ಎದ್ದ ಕೂಡಲೇ.”

ನಾನೂ ಅಷ್ಟೇ! ಇಷ್ಟು ವರ್ಷ ಸೊಸೆಯ ತಲೆ ನೋಡಿ ಹಾಡುತ್ತಿದ್ದೇನೆಂದು ತಿಳಿದಿದ್ದ ನನ್ನ ಕಣ್ಣು, ಆ ಮೌನ ಬಂದಾಗಲೆಲ್ಲ ತಾನಾಗಿ ಆ ವಾರೆ ಹೆಗಲಿನ ಮೇಲೆ ಹೋಗಿ ಕೂರುತ್ತಿತ್ತು. ಅದು ಏರಿದಾಗ ನನ್ನ ಉಸಿರೂ ಏರುತ್ತಿತ್ತು. ನನಗೇ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ನಮಗೆ ನಗು ಬಂತು, ಮೈ ಜುಮ್ಮೆಂದಿತು. ಮನೆಯಲ್ಲೇ ಇದ್ದ ಒಂದು ಬಾಗಿಲನ್ನು ಅಂದೇ ಮೊದಲು ನೋಡಿದ ಹಾಗೆ.

ಸೊಸೆ ಎದ್ದು ಕಂಬದ ಹತ್ತಿರ ಓಡಿದಳು. “ಅಕ್ಕಾ, ಏನು ಮಾಡ್ತೀರಿ ನೀವು?”

“ನಾನೇನೂ ಮಾಡಿಲ್ಲ ಟೀಚರಮ್ಮ!” ಬನ್ನಕ್ಕ ಬೆದರಿಬಿಟ್ಟಳು. “ನಿಂತ ಕಡೆಯೇ ನಿಂತಿದ್ದೀನಿ, ಬೇಕಾದ್ರೆ ಕಂಬಾನ ಕೇಳಿ.”

“ಅಲ್ಲ ಅಕ್ಕಾ. ಆರ್ಗನ್ ನಿಂತಾಗ ಯಾವಾಗ ಶುರು ಮಾಡ್ಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?”

“ಓ, ಅದಾ?” ಅವಳು ಸಂಕೋಚದಿಂದ ಅಂಚೆ ತಾತನ ಕಡೆ ನೋಡಿ ಧ್ವನಿ ತಗ್ಗಿಸಿದಳು. ಅವಳು ತಗ್ಗಿಸಿದ ಧ್ವನಿ ಎಂದರೆ ಹಿಂದಿನ ಬೆಂಚಿನವರಿಗೂ ಕೇಳಿಸಿತು. “ತಾತ ನನ್ನ ಹಿಂದೇನೇ ನಿಲ್ತಾರಲ್ಲ. ಅವರಿಗೆ ಉಸಿರು ಒಳಗೆ ಹೋಗೋದು ನಿಧಾನ. ಕಾಯಿಲೆ ಬಿದ್ದು ಎದ್ದಾಗಿಂದ ಹಾಗೆ. ನಾವು ಬಿಟ್ಟು ಹೊರಟುಬಿಟ್ರೆ ಅವರೊಬ್ಬರೇ ಹಿಂದೆ ಉಳೀತಾರೆ, ಪಾಪ, ನಾಚಿಕೆ ಆಗುತ್ತೆ ಅವರಿಗೆ. ಅದಕ್ಕೇ ಅವರ ಉಸಿರು ತುಂಬಿದ ಸದ್ದು ಕೇಳಿಸಿದ ಮೇಲೆ ನಾನು ತಗೋತೀನಿ. ಅಷ್ಟೇ ನನ್ನ ಸಂಗೀತ. ಈ ಹೆಗಲು ಒಂದು, ಉಸಿರು ತಗೊಂಡ್ರೆ ಎಲ್ಲಕ್ಕಿಂತ ಮೊದಲು ಇದೇ ಏಳುತ್ತೆ.”

ಎಲ್ಲರೂ ತಾತನ ಕಡೆ ತಿರುಗಿದೆವು. ಅವರ ಮುಖ ನೋಡುವಂತಿತ್ತು.

“ಅಲ್ವೇ,” ಅಂದರು ತಾತ ತಡೆದು ತಡೆದು, “ಇಷ್ಟು ವರ್ಷ ನಾನು ನಿಮಗೋಸ್ಕರ ಕಾಯ್ತಿದ್ದೀನಿ ಅಂದ್ಕೊಂಡಿದ್ನಲ್ಲೇ! ‘ಈ ಹೆಂಗಸರು ಎಷ್ಟು ನಿಧಾನ’ ಅಂತ ಮನೇಲಿ ದಿನಾ ಬೈತಿದ್ದೆ!”

ಚರ್ಚಿನಲ್ಲಿ ಅಷ್ಟು ಜೋರಾಗಿ ನಗಬಾರದು. ನಕ್ಕೆವು. ತಾತನೂ ನಕ್ಕರು, ಕನ್ನಡಕ ತೆಗೆದು ಒರೆಸಿಕೊಂಡರು, ಒರೆಸಿದ್ದು ಕನ್ನಡಕವನ್ನಲ್ಲ.

ಟೀವಿಯ ಯುವಕ ಗಡಿಯಾರ ನೋಡುತ್ತ ಓಡಿಬಂದ. ವಿಷಯ ತಿಳಿದು ಅವನ ಮುಖ ಅರಳಿತು. “ಅಷ್ಟೇನಾ? ಹಾಗಿದ್ರೆ ಸುಲಭ! ಈ ಅಮ್ಮ ಕ್ಯಾಮೆರಾ ಪಕ್ಕ, ನಿಮ್ಮ ಎದುರಿಗೇ ನಿಲ್ಲಲಿ. ನಿಮಗೆಲ್ಲ ಅವರು ಕಾಣ್ತಾರೆ. ಕ್ಯಾಮೆರಾಗೆ ಕಾಣಲ್ಲ. ಬೇಕಾದ್ರೆ ತಾತನ ಪಕ್ಕ ಇರೋ ಮೈಕಿನ ಸದ್ದನ್ನ ಅವರ ಕಿವಿಗೆ ಕೊಡ್ತೀನಿ. ಎರಡೂ ಆಯ್ತು.”

ಜಾಣತನದ ಮಾತೇ. ಹಾವೂ ಸಾಯದು, ಕೋಲೂ ಮುರಿಯದು. ಸಾಲಿನಲ್ಲಿ ಕೆಲವರು ತಲೆಯಾಡಿಸಿಯೂ ಬಿಟ್ಟರು. ಬನ್ನಕ್ಕ ಆಗಲೇ ನಿಲುವಂಗಿಯ ಗುಂಡಿ ಬಿಚ್ಚತೊಡಗಿದ್ದಳು. “ಹಾಗಾದ್ರೆ ಇದನ್ನ ಹಾಕ್ಕೊಳ್ಳೋದೂ ಬೇಡ, ಸೆಕೆ,” ಅಂದಳು ನಗುತ್ತ. ಮೇಲಿನ ಕೋಣೆಯಲ್ಲಿ ಸೆರಗು ಹೊದ್ದು ಕೂತ ಮುದುಕಿ ಮೊದಲ ಸಾಲಿನ ನಟ್ಟನಡುವೆ ಹುಡುಕುತ್ತಿರುತ್ತಾಳೆ. ಅವಳಿಗೆ ಕೊಟ್ಟ ಮಾತನ್ನು ಬನ್ನಕ್ಕ ನನಗೊಬ್ಬಳಿಗೆ ಹೇಳಿದ್ದಳು, ಯಾರಿಗೂ ಹೇಳಬೇಡಿ ಎಂದೂ ಹೇಳಿದ್ದಳು. ಹೇಳಲೇ, ಬಿಡಲೇ ಎಂದು ನಾನು ಒದ್ದಾಡುತ್ತಿದ್ದೆ.

ಸೊಸೆ ಬನ್ನಕ್ಕನ ಗುಂಡಿ ಬಿಚ್ಚುವ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಎತ್ತಿ ಮುಖ ನೋಡಿದಳು. ಆ ಬೆಳಿಗ್ಗೆ ಅದೇ ಮೊದಲು ಅವಳು ಆ ಮುಖವನ್ನು ನೇರವಾಗಿ ನೋಡಿದ್ದು.

“ಅಕ್ಕಾ,” ಅಂದಳು ಮೆಲ್ಲಗೆ, “ನಿಮಗೆ ಎಲ್ಲಿ ನಿಲ್ಲೋಕೆ ಇಷ್ಟ?”

ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಬನ್ನಕ್ಕ ಏನೋ ತಮಾಷೆ ಮಾಡಲು ಬಾಯಿ ತೆರೆದಳು. ತಮಾಷೆ ಬರಲಿಲ್ಲ. ಬಿಚ್ಚಿದ್ದ ಗುಂಡಿಯನ್ನು ಮತ್ತೆ ಹಾಕಿಕೊಂಡಳು.

“ನನ್ನ ಜಾಗದಲ್ಲಿ,” ಅಂದಳು. “ಅಮ್ಮ ನೋಡ್ತಿರ್ತಾಳೆ.”

“ಮುಗೀತು,” ಅಂದಳು ನನ್ನ ಸೊಸೆ. ಟೀವಿಯವನ ಕಡೆ ತಿರುಗಿ ಸೊಂಟದ ಮೇಲೆ ಕೈ ಇಟ್ಟಳು. ಅವಳು ಸೊಂಟದ ಮೇಲೆ ಕೈ ಇಟ್ಟರೆ ನನ್ನ ಮಗನೂ ಎದುರಾಡುವುದಿಲ್ಲ. “ಇವರು ಅಲ್ಲೇ ನಿಲ್ತಾರೆ. ಮೊದಲನೇ ಸಾಲು, ನಡುವೆ. ನೀವು ತೋರಿಸೋದಾದ್ರೆ ನಾವು ಹೇಗಿದ್ದೀವೋ ಹಾಗೆ ತೋರಿಸಿ. ಇಲ್ಲ ಅಂದ್ರೆ ಗೋಪುರ ತೋರಿಸಿ, ಅದಕ್ಕೆ ಹೊಸ ಬಣ್ಣ ಹೊಡೆಸಿದ್ದೀವಿ.”

ಔಷಧಿ ಅಂಗಡಿಯ ಹುಡುಗಿ ಆಗಲೇ ಪಕ್ಕಕ್ಕೆ ಸರಿದು ಜಾಗವನ್ನು ಕೈಯಿಂದ ಒರೆಸಿದಳು, ಬೆಂಚಿನ ಮೇಲಿನ ಧೂಳು ಒರೆಸುವ ಹಾಗೆ. ಗಾಳಿಯನ್ನೇ ಒರೆಸಿದಳು ಪಾಪ. “ಬಾ ಅಕ್ಕಾ, ಬೇಗ ಬಾ. ನನ್ನ ಜೀವ ಹೋಗಿತ್ತು ಇಲ್ಲಿ.”

ಯುವಕನ ಕಿವಿಯ ಯಂತ್ರದಲ್ಲಿ ಯಾರೋ ಅರಚುತ್ತಿದ್ದದ್ದು ನಮಗೂ ಕೇಳುತ್ತಿತ್ತು. ಅವನು ಬನ್ನಕ್ಕನನ್ನು ನೋಡಿದ. ಸುಮ್ಮನೆ ಯಂತ್ರವನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡ. “ಒಂದು ಹೆಜ್ಜೆ ಮುಂದೆ ಬನ್ನಿ ಅಮ್ಮಾ,” ಅಂದ. “ದೀಪ ಸರಿಯಾಗಿ ಬೀಳಲಿ.”

ಸೊಸೆ ಬಗ್ಗಿ, ಹಿಂದಿನ ದಿನ ತಾನೇ ಚುಚ್ಚಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. ನಿಲುವಂಗಿ ಹೆಗಲಿನ ಕಡೆ ಹಾಯಾಗಿ ಮೇಲಕ್ಕೆದ್ದಿತು. ಎದ್ದು ನಿಂತವಳು, “ಕ್ಷಮಿಸಿ ಅಕ್ಕಾ,” ಅನ್ನುವಷ್ಟರಲ್ಲಿ ಬನ್ನಕ್ಕ ಅವಳನ್ನು ತಳ್ಳಿದಳು. “ಕ್ಷಮೆ ಆಮೇಲೆ ಕೇಳೀರಂತೆ, ಕ್ಯಾಮೆರಾದ ಕೆಂಪು ದೀಪ ಹತ್ತೋ ಹಾಗಿದೆ, ಓಡಿ!”

ಹತ್ತಿತು.

ಪಾದ್ರಿಗಳು ಪೀಠಕ್ಕೆ ಹೋದರು. ಪ್ರಾರ್ಥನೆ ಆಯಿತು, ಬೈಬಲ್ ಪಾಠ ಆಯಿತು. ಆ ಎತ್ತರದ ಅಣ್ಣಂದಿರ ಕಥೆ. ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ, ಪ್ರವಾದಿ ಇವನೇ ಇರಬೇಕು, ಇವನೇ ಇರಬೇಕು ಅಂದುಕೊಳ್ಳುತ್ತಾನೆ, ದೇವರು ಅಲ್ಲ ಅನ್ನುತ್ತಾನೆ. ಪಾದ್ರಿಗಳು ಪುಸ್ತಕ ಮುಚ್ಚಿ ಜನರ ಕಡೆ ನೋಡಿದರು. ಬರೆದುಕೊಂಡು ಬಂದ ಪ್ರಸಂಗವನ್ನು ಬದಿಗಿಟ್ಟರು.

“ಮೊದಲು ಒಂದು ಸತ್ಯ ಹೇಳಿಬಿಡ್ತೀನಿ,” ಅಂದರು. “ಈ ಮೀಸೆ ಮೊನ್ನೆವರೆಗೆ ಬಿಳಿ ಇತ್ತು. ಟೀವಿಗೋಸ್ಕರ ಹಚ್ಚಿದ್ದು. ಹೆಂಡತಿ ಅಲ್ಲ, ನಾನೇ ಹಚ್ಕೊಂಡೆ. ದೇವರು ಮುಖ ನೋಡಲ್ಲ ಅಂತ ಬರೀತಾ ಬರೀತಾ ಎದ್ದು ಹೋಗಿ ಹಚ್ಕೊಂಡೆ. ನನ್ನಂಥೋರಿಗೇ ಈ ಪಾಠ ಬರೆದಿರೋದು. ಇವತ್ತು ಬೆಳಿಗ್ಗೆ ನಮ್ಮ ಕ್ವಾಯರು ನನಗಿಂತ ಚೆನ್ನಾಗಿ ಇದನ್ನ ಕಲೀತು. ಅವರ ಹಾಡು ಕೇಳೋಣ.”

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಅಷ್ಟು ಚಿಕ್ಕ ಪ್ರಸಂಗ ನಮ್ಮ ಚರ್ಚಿನಲ್ಲಿ ಹಿಂದೆ ನಡೆದಿಲ್ಲ.

ಆರ್ಗನ್ ಎದ್ದಿತು. ನಾವೂ ಎದ್ದೆವು. ಮೊದಲ ಚರಣ ನೀರಿನ ಹಾಗೆ ಹರಿಯಿತು. ಚಿಕ್ಕ ಪರದೆಯಲ್ಲಿ ನಮ್ಮ ಸಾಲು ಹತ್ತಿರ ಹತ್ತಿರ ಬಂತು. ಆ ಜಾಗ. ವಾದ್ಯ ನಿಂತಿತು. ಇಡೀ ಚರ್ಚು, ಮಕ್ಕಳೂ ಸಹ, ಸ್ತಬ್ಧ. ಆ ಮೌನದಲ್ಲಿ ಅಂದು ಮೊದಲ ಬಾರಿಗೆ ನಾನು ಕಿವಿಗೊಟ್ಟೆ. ಹೌದು, ಕೇಳಿಸಿತು: ಅಂಚೆ ತಾತನ ಹಳೆಯ ಎದೆಯೊಳಗೆ ಉಸಿರು ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಸದ್ದು. ಎಷ್ಟು ಹೊತ್ತು! ಯಾರಿಗೂ ಅವಸರವಿಲ್ಲ. ಕೊನೆಯ ಮೆಟ್ಟಿಲಿಗೆ ಅದು ಬಂದು ನಿಂತಿತು. ಬನ್ನಕ್ಕನ ಹೆಗಲು ಎದ್ದಿತು.

ಹಾಡಿದೆವು! ಒಂದೇ ಗಂಟಲು ಹಾಡಿದ ಹಾಗೆ, ತಾತನ ಮಂದ್ರ ಎಲ್ಲರ ಕೆಳಗೆ ಅಡಿಪಾಯದಂತೆ ನಿಂತು. ಪರದೆಯ ತುಂಬ ಬನ್ನಕ್ಕನ ಮುಖ. ಸುಕ್ಕುಗಟ್ಟಿದ ಕೆನ್ನೆ, ಇಲ್ಲದ ಹುಬ್ಬು, ಅರೆಮುಚ್ಚಿದ ಕಣ್ಣು. ಅವಳು ಹಾಡುತ್ತ ಹಿಂದಿನವರನ್ನು ಕೇಳಿಸಿಕೊಳ್ಳುತ್ತಿದ್ದಳು. ಕ್ಯಾಮೆರಾ ಅಲ್ಲಿಂದ ಕದಲಲೇ ಇಲ್ಲ. ನಾನು ನೋಡಿದ ಮುಖಗಳಲ್ಲಿ ಅಷ್ಟು ಚೆಲುವಾದುದನ್ನು ಬೆರಳಲ್ಲಿ ಎಣಿಸಬಹುದು. ಅದು ದೀಪದ ಬೆಳಕಲ್ಲ ಎಂದು ಆಣೆ ಇಡದೆಯೇ ಹೇಳುತ್ತೇನೆ.

ಕೆಂಪು ದೀಪ ಆರಿತು. ಅಪ್ಪಿಕೊಳ್ಳುವುದು, ಅಳುವುದು, ಮಾತು, ಗಲಾಟೆ. ಬನ್ನಕ್ಕ ಮಾತ್ರ ಬಾಗಿಲಿಗೆ ಓಡಿದ್ದಳು. “ಅಮ್ಮ ನೋಡಿದ್ಳೋ ಇಲ್ವೋ! ಟೀವಿ ಕೈಕೊಟ್ಟಿತೋ ಏನೋ!” ಅವಳ ಹಿಂದೆ ಹುಡುಗಿ, ಅವಳ ಹಿಂದೆ ಸೊಸೆ, ಅವರೆಲ್ಲರ ಹಿಂದೆ ನಾವು. ಕೆನೆ ಬಣ್ಣದ ನಿಲುವಂಗಿಗಳ ಮೆರವಣಿಗೆ ಬೀದಿಯಲ್ಲಿ ಓಡುವುದನ್ನು ನೋಡಿ ಜನ ಅಂಗಡಿಗಳಿಂದ ಹೊರಗೆ ಬಂದರು. ಬೇಕರಿಯ ಯಜಮಾನರು ಮೈದಾ ಕೈಯಲ್ಲೇ ಸಲಾಮು ಹೊಡೆದರು. ನನ್ನ ಮಂಡಿ ಅಂದು ಮುಷ್ಕರ ಮರೆತೇಬಿಟ್ಟಿತ್ತು. ಕೋಲೂರಿಕೊಂಡು ಹೊರಟ ತಾತನನ್ನು ಟೀವಿಯ ಯುವಕ ತೋಳು ಹಿಡಿದು ನಿಧಾನವಾಗಿ ಕರೆತರುತ್ತಿದ್ದ.

ಮೇಲಿನ ಕೋಣೆ ಚಿಕ್ಕದು. ಮಂಚ, ಕಿಟಕಿ, ಸ್ಟೂಲಿನ ಮೇಲೆ ಅಂಗಡಿಯ ಟೀವಿ. ಮಂಚದ ಮೇಲೆ ಹೊಸ ಸೀರೆಯ ಮುದುಕಿ.

“ನೋಡಿದ್ಯಾಮ್ಮಾ?” ಬನ್ನಕ್ಕ ಏದುಸಿರು ಬಿಡುತ್ತ ಕೇಳಿದಳು.

“ನೋಡ್ದೆ ಕಣೇ, ನೋಡ್ದೆ. ಆ ಹಿಂದೆ ನಿಂತಿದ್ದ ಮುದುಕಪ್ಪ ಯಾರೇ? ಪಾಪ, ಎಷ್ಟು ಸೊರಗಿಹೋಗಿದ್ದಾನೆ! ಅವನಿಗೆ ಮನೇಲಿ ಊಟ ಹಾಕೋರು ಇದ್ದಾರಾ?”

“ಅಯ್ಯೋ ಅಮ್ಮಾ, ನನ್ನ ನೋಡಿದ್ಯಾ ಅಂದ್ರೆ!”

“ನಿನ್ನ ದಿನಾ ನೋಡ್ತೀನಲ್ಲೇ!” ಅಂದಳು ತಾಯಿ. ಅಷ್ಟು ಹೇಳಿ ಮಗಳ ಸುಟ್ಟ ಕೆನ್ನೆಯನ್ನು ಹಿಡಿದು ಹತ್ತಿರ ಎಳೆದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ಬಿಟ್ಟ ಮೇಲೆ ನಮ್ಮೆಲ್ಲರನ್ನೂ ಒಮ್ಮೆ ನೋಡಿದಳು. “ಆ ಪೆಟ್ಟಿಗೆಯಲ್ಲಿ ಸದ್ದೇ ಸರಿಯಾಗಿ ಬರಲ್ಲ. ಹೇಗೂ ಬಂದಿದ್ದೀರಿ. ಇಲ್ಲೇ ಇನ್ನೊಂದ್ಸಲ ಹಾಡಿಬಿಡಿ.”

ಮಂಚದ ಸುತ್ತ, ಬಾಗಿಲಲ್ಲಿ, ಕಿಟಕಿಗೆ ಒರಗಿ ಹೇಗೆ ಹೇಗೋ ನಿಂತೆವು. ಸಾಲೂ ಇಲ್ಲ, ಅಂಚೂ ಇಲ್ಲ. ಆರ್ಗನ್ ಇಲ್ಲದ ಸೊಸೆಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ನಮಗೆ ಎದುರಾಗಿ, ನಮ್ಮ ಮುಖಗಳನ್ನು ನೋಡುತ್ತ ಅವಳು ಹಾಡಲು ನಿಂತದ್ದು ಅದೇ ಮೊದಲು. ಒಬ್ಬೊಬ್ಬರನ್ನೂ ಹೊಸದಾಗಿ ನೋಡುವಂತೆ ನೋಡಿದಳು.

“ಶುರು ಮಾಡೋಣ್ವಾ ಅಕ್ಕಾ?” ಅಂದಳು.

ಕೆಳಗೆ ಮೆಟ್ಟಿಲಿನಲ್ಲಿ ಕೋಲಿನ ಸದ್ದು ಬರುತ್ತಿತ್ತು.

“ಇರಿ,” ಅಂದರು ತಾಯಿ, ಮಗಳು ಇಬ್ಬರೂ ಒಟ್ಟಿಗೇ. “ಅವರು ಬರಲಿ.”